ಪೂಜೆಗೆ ಕೂತ ಪದಗಳ ಪುಸ್ತಕ

ಇಷ್ಟು ವರ್ಷವಾದರೂ ಆ ಆಯುಧಪೂಜೆ ನೆನಪಾದರೆ ನನಗೆ ಮೈ ಉರಿಯುತ್ತದೆ.

ಎಪ್ಪತ್ತರ ದಶಕದ ಕೊನೆ. ಬಿ.ಎಸ್ಸಿ. ಮುಗಿಸಿ ಬಿಳಿಗೆರೆ ಹತ್ತಿರದ ನಮ್ಮ ಹಳ್ಳಿಮನೆಯಲ್ಲಿ ಕೂತಿದ್ದೆ. ಎಂ.ಎಸ್ಸಿ. ಓದಬೇಕು, ಅದೂ ದೂರದ ದೊಡ್ಡ ಸಂಸ್ಥೆಯಲ್ಲಿ ಎಂಬುದು ನನ್ನ ಹಟ. ಅದರ ಪ್ರವೇಶ ಪರೀಕ್ಷೆ ಬೆಂಗಳೂರಿನಲ್ಲಿ. ಲೆಕ್ಕಕ್ಕಾಗಲಿ ವಿಜ್ಞಾನಕ್ಕಾಗಲಿ ನಾನು ಹೆದರಿದವಳಲ್ಲ. ಆದರೆ ಅರ್ಧ ಪರೀಕ್ಷೆ ಇಂಗ್ಲಿಷ್ ಪದಗಳದ್ದು. ಜಿಪುಣನೊಬ್ಬನಿಗೇ ಆ ಭಾಷೆಯಲ್ಲಿ ಏಳೆಂಟು ಹೆಸರು! ರಸಾಯನಶಾಸ್ತ್ರ ಓದುವವಳಿಗೆ ಅಷ್ಟು ಜನ ಜಿಪುಣರು ಯಾಕೆ ಬೇಕು ಅಂತ ಕೇಳುವವರೇ ಇರಲಿಲ್ಲ. ಅಪ್ಪ ಕೊಟ್ಟಿದ್ದು ಒಂದೇ ಅವಕಾಶ. "ಪಾಸಾದ್ರೆ ಓದು. ಇಲ್ದಿದ್ರೆ ಗಂಡು ನೋಡ್ತೀನಿ, ಆಮೇಲೆ ಅಳಬಾರ್ದು" ಅಂದಿದ್ದರು.

ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಒಂದು ದಪ್ಪನೆಯ ಪದಗಳ ಪುಸ್ತಕ ಎರವಲು ಕೊಟ್ಟಿದ್ದರು. ಅಟ್ಟದಿಂದ ಇಳಿಸಿದ ಒಣಗಾಯಿಯ ಚಿಪ್ಪು ಒಡೆದು ಉಂಡೆ ಕೊಬ್ಬರಿ ಬಿಡಿಸುವುದು ನಮ್ಮ ಮನೆಯ ಹೆಂಗಸರ ಕೆಲಸ. ಪುಸ್ತಕವನ್ನು ಮೊಣಕಾಲ ಪಕ್ಕ ತೆರೆದಿಟ್ಟುಕೊಂಡು, ಕಾಯಿಗೊಂದು ಪದದಂತೆ ಬಾಯಿಪಾಠ ಮಾಡುತ್ತಿದ್ದೆ. ಗಮನ ಪದದ ಕಡೆ ಹೋದರೆ ಏಟು ಜೋರಾಗಿ ಬಿದ್ದು ಉಂಡೆ ಹೋಳಾಗುತ್ತಿತ್ತು. ಹೋಳಿಗೆ ಬೆಲೆ ಕಮ್ಮಿ. "ನಿನ್ ಇಂಗ್ಲಿಷು ನಮ್ ಕೊಬ್ರಿ ತಿಂದಾಕ್ತು ಕಣೇ" ಅಂತ ಅಪ್ಪ ಗೊಣಗುತ್ತಿದ್ದರು.

ಪರೀಕ್ಷೆ ವಿಜಯದಶಮಿಯ ಮಾರನೇ ದಿನ. ನವರಾತ್ರಿಯ ಸಪ್ತಮಿಯಂದು ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಪುಸ್ತಕ ಮಾಯ. ಅಪ್ಪ ಅದನ್ನು ಸರಸ್ವತಿ ಪಟದ ಮುಂದಿಟ್ಟು, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿಬಿಟ್ಟಿದ್ದರು. ಪೂಜೆಗಿಟ್ಟ ಪುಸ್ತಕವನ್ನು ದಶಮಿಯ ತನಕ ಮುಟ್ಟುವಂತಿಲ್ಲ. ದಶಮಿಯ ದಿನ ನಾನು ಬಸ್ಸಿನಲ್ಲಿರಬೇಕು! ಹಳೇ ಪುಸ್ತಕ ಬೇಕಾದಷ್ಟಿವೆಯಲ್ಲ, ಅವನ್ನಿಡಬಾರದಿತ್ತೇ ಎಂದು ಕೇಳಿದೆ.

"ಓದೋ ಪುಸ್ತಕ ಇಟ್ರೇನೇ ವಿದ್ಯೆ ಹತ್ತೋದು. ಈಗ ತೆಗುದ್ರೆ ಸರಸ್ವತಿ ಮುನಿಸ್ಕೋತಾಳೆ, ಸುಮ್ನಿರು" ಅಂದರು. ನನ್ನ ಒಳ್ಳೆಯದಕ್ಕೇ ಮಾಡಿದ್ದರು. ಅದೇ ನನ್ನ ಸಿಟ್ಟನ್ನು ಇನ್ನಷ್ಟು ಕೆರಳಿಸಿತು. ಕಲಿತ ಪದಗಳನ್ನೇ ಮೆಲುಕು ಹಾಕುತ್ತಾ, ಹಲ್ಲು ಕಚ್ಚಿಕೊಂಡು ಚಿಪ್ಪು ಒಡೆದೆ.

ಆಯುಧಪೂಜೆಯ ಬೆಳಗ್ಗೆ ಕುಡುಗೋಲು, ಮಚ್ಚು, ಕೊಬ್ಬರಿ ತೂಗುವ ತಕ್ಕಡಿ ಎಲ್ಲವೂ ಬಂದು ಪುಸ್ತಕದ ಪಕ್ಕ ಕೂತವು. ಮಧ್ಯಾಹ್ನ ಕೊಬ್ಬರಿ ವ್ಯಾಪಾರಿಯೊಬ್ಬರು ಲಾರಿ ಸಮೇತ ಬಂದರು. ದೀಪಾವಳಿಗೆ ಮೊದಲು ಉತ್ತರದ ಕಡೆಗೆ ಲೋಡು ಹೋಗಬೇಕಂತೆ, ಈಗಲೇ ತೂಗಿಕೊಟ್ಟರೆ ಒಳ್ಳೇ ರೇಟಂತೆ. ಅಪ್ಪ ಒಂದು ಗಳಿಗೆಯೂ ಯೋಚಿಸಲಿಲ್ಲ. ಕೈಮುಗಿದು, ಹೂ ಪಕ್ಕಕ್ಕಿಟ್ಟು, ತಕ್ಕಡಿ ಎತ್ತಿಕೊಂಡರು.

ನನಗೆ ತಡೆಯಲಾಗಲಿಲ್ಲ.

"ಅಪ್ಪಾ, ತಕ್ಕಡಿ ತೆಗುದ್ರೆ ಯಾರೂ ಮುನಿಸ್ಕೊಳಲ್ವಾ?"

"ಅದು ವ್ಯಾಪಾರ ಕಣಮ್ಮ. ಲಾರಿ ಕಾಯ್ತಾ ನಿಂತೈತೆ."

"ನಂಗೂ ಪರೀಕ್ಷೆ ಕಾಯ್ತಾ ನಿಂತೈತೆ" ಎಂದವಳೇ ಸೇವಂತಿಗೆ ಸರಿಸಿ ಪುಸ್ತಕ ಎತ್ತಿಕೊಂಡೆ. ವ್ಯಾಪಾರಿ ಗೊಳ್ಳನೆ ನಕ್ಕರು. ಹೊರಗಿನವರ ಮುಂದೆ ಬೈಯಲಾಗದೆ ಅಪ್ಪ ಅಂಗಳಕ್ಕಿಳಿದು ತೂಕ ಶುರು ಮಾಡಿದರು. ಮಾರನೇ ದಿನ, ಬೆರಳಿಗೆಲ್ಲ ಕುಂಕುಮ ಅಂಟಿಸಿಕೊಂಡೇ ಕೊನೆಯ ಪುಟಗಳನ್ನು ಬಸ್ಸಿನಲ್ಲಿ ಮುಗಿಸಿದೆ.

ಪಾಸಾದೆ. ಅಪ್ಪ ಊರಿಗೆಲ್ಲ ಸಕ್ಕರೆ ಹಂಚಿದರು. ಪುಸ್ತಕ ಹಿಂದಿರುಗಿಸಲು ಇಬ್ಬರೂ ಹೋದಾಗ ಮೇಷ್ಟ್ರು, "ಹೇಗಮ್ಮ ಇಷ್ಟೊಂದು ಪದ ಕಲಿತೆ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದರು:

"ಎಲ್ಲಾ ತಾಯಿ ಸರಸ್ವತಿ ದಯೆ ಸಾರ್. ನಾನೇ ಪುಸ್ತಕ ಪೂಜೆಗಿಟ್ಟಿದ್ದೆ. ದಶಮಿ ತನಕ ಒಬ್ರು ಕೈಲೂ ಮುಟ್ಟುಸ್ಲಿಲ್ಲ."