ಅಣ್ಣನ ಅಳತೆಯ ಅಡುಗೆಕಟ್ಟೆ

ಬಟ್ಟೆ ಕತ್ತರಿಸುವುದರಲ್ಲಿ ನಮ್ಮ ಅತ್ತಿಗೆ ಎತ್ತಿದ ಕೈ. ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿಯೊಂದರಲ್ಲಿ ಕಟಿಂಗ್ ಅವಳದೇ. ಎಂಥ ಮಗುವೇ ಬರಲಿ, ಟೇಪು ಹಿಡಿದು ಅಳೆಯದೆ ಕತ್ತರಿ ಮುಟ್ಟುವವಳಲ್ಲ. ಅಂಥವಳ ಅಡುಗೆಮನೆಯನ್ನು ಹೊಸದಾಗಿ ಕಟ್ಟಿಸುವಾಗ ಅವಳ ಅಳತೆ ಮಾತ್ರ ಯಾರಿಗೂ ಬೇಕಾಗಲಿಲ್ಲ.

ಅವಳು ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ ಮೇಸ್ತ್ರಿ, "ಕಟ್ಟೆ ಎಷ್ಟು ಎತ್ತರ ಇರಲಿ?" ಎಂದು ಕೇಳಿದ್ದಾನೆ. ನಮ್ಮಣ್ಣ, ಆರಡಿ ಆಳು, ಗೋಡೆಗೆ ಒತ್ತಿ ನಿಂತು ತನ್ನ ಸೊಂಟ ತೋರಿಸಿದ್ದಾನೆ. ಅಪ್ಪ ತಲೆಯಾಡಿಸಿದ್ದಾರೆ. ಮುಗಿಯಿತು, ಕಲ್ಲು ಕೂತಿತು. ಒಂದು ಲೋಟ ನೀರನ್ನೂ ತಾನಾಗಿ ಬಗ್ಗಿಸಿಕೊಂಡು ಕುಡಿದವನಲ್ಲ ಅವನು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅತ್ತಿಗೆ ಅವನ ಭುಜಕ್ಕೂ ಬರುವುದಿಲ್ಲ. "ಸ್ವಲ್ಪ ಕೆಳಗೆ ಮಾಡ್ಸಿ, ಕೈ ಎಟುಕಲ್ಲ," ಎಂದಳು.

"ಕಲ್ಲು ಒಡೆದ್ರೆ ಚೂರಾಗುತ್ತೆ ಕಣೆ. ಒಂದು ಮಣೆ ಹಾಕ್ಕೊಂಡು ನಿಂತ್ಕೋ."

ಹಾಕಿಕೊಂಡಳು. ಮಗು ಅತ್ತರೆ ಮಣೆ ಇಳಿಯುವುದು, ಹಾಲು ಉಕ್ಕಿದರೆ ಹತ್ತುವುದು. ಆದರೂ ಕಟ್ಟೆ ಎತ್ತರವೇ. ಭುಜ ಎತ್ತಿಕೊಂಡೇ ಬೇಯಿಸಿ ಬೇಯಿಸಿ ಬಲಗೈ ಹಿಡಿದುಕೊಂಡಿತು. ಒಂದು ದಿನ ಅಂಗಡಿಯಲ್ಲಿ ಕತ್ತರಿ ಜಾರಿ ಬಟ್ಟೆ ಅಡ್ಡಾದಿಡ್ಡಿ ಸೀಳಿತು. ಮಾಲೀಕ ಒಳ್ಳೆಯವನೇ, ಆದರೂ ಹೇಳಿಬಿಟ್ಟ: "ಕೈ ವಾಸಿಯಾಗದಿದ್ರೆ ಬೇರೆಯವರನ್ನ ನೋಡ್ಕೋಬೇಕಾಗುತ್ತಮ್ಮ."

ಮನೆಯಲ್ಲಿ ಎಲ್ಲರೂ ಕೂತು ತೀರ್ಮಾನಿಸಿದರು, ಅವಳೊಬ್ಬಳನ್ನು ಬಿಟ್ಟು. ಕೆಲಸ ಬಿಡಲಿ ಎಂದಾಯಿತು. "ಮನೇಲಿ ಆರಾಮಾಗಿರಮ್ಮ," ಎಂದಳು ನಮ್ಮಮ್ಮ. ಆರಾಮಂತೆ, ಆರಾಮು.

ಅತ್ತಿಗೆ ಮಗುವಿನ ಬಾಯಿ ಒರೆಸುತ್ತಲೇ ಅಣ್ಣನಿಗೆ ಹೇಳಿದಳು: "ಕತ್ತರಿ ಬಿಡಲ್ಲ, ಸೌಟು ಬಿಡ್ತೀನಿ. ನಮ್ಮಂಗಡೀಲಿ ಯಾರ ಅಳತೆ ತಗೋತೀವೋ ಬಟ್ಟೆ ಅವರದ್ದೇ. ಇನ್ನೊಬ್ಬರ ಮೈಗೆ ತುರುಕಲ್ಲ. ಈ ಕಟ್ಟೆ ನಿಮ್ಮ ಅಳತೇದು. ನೀವೇ ನಿಂತ್ಕೊಳ್ಳಿ."

ಅಣ್ಣ ನಕ್ಕ. ಮರುದಿನ ಬೆಳಿಗ್ಗೆ ಮಗುವನ್ನು ಅವನ ಕಂಕುಳಿಗೆ ದಾಟಿಸಿ ಅವಳು ಹೊರಟೇಬಿಟ್ಟಾಗ ಆ ನಗು ಇಂಗಿತು. ಅನ್ನ ತಳ ಹಿಡಿಯಿತು. ಉಪ್ಪು ಒಮ್ಮೆ ಮರೆತುಹೋಯಿತು, ಇನ್ನೊಮ್ಮೆ ಎರಡೆರಡು ಸಲ ಬಿತ್ತು. ಅಮ್ಮ ಮೂಗು ಮುರಿದಳು, ಆದರೆ ಯಾರೂ ಉಪವಾಸ ಬೀಳಲಿಲ್ಲ. ನಿಧಾನವಾಗಿ ಅತ್ತಿಗೆಯ ಭುಜ ಸಡಿಲವಾಯಿತು, ಕತ್ತರಿಯೂ ಅವಳ ಕೈಯಲ್ಲೇ ಉಳಿಯಿತು.

ಆಮೇಲೊಂದು ಭಾನುವಾರ ಅಣ್ಣ ಅದೇ ಮೇಸ್ತ್ರಿಯನ್ನು ಕರೆತಂದ. ಸುತ್ತಿಗೆ, ಉಳಿ ಎಲ್ಲ ಬಂದಿತ್ತು. "ಕಲ್ಲು ಚೂರಾದ್ರೆ ಆಗ್ಲಿ, ನಿನ್ನ ಅಳತೆಗೇ ಇಳಿಸಿಕೊಡ್ತೀನಿ," ಎಂದ. ಪರವಾಗಿಲ್ಲವೇ ನಮ್ಮಣ್ಣ ಎಂದು ನಾನೇ ಕರಗಿಹೋಗಿದ್ದೆ.

ಅತ್ತಿಗೆ ಕಟ್ಟೆಯ ಅಂಚಿನುದ್ದಕ್ಕೂ ಅಂಗೈ ಸವರಿದಳು. ಅವಳಿಗೆ ಆಸೆಯಿತ್ತು, ಮುಖದಲ್ಲೇ ಕಾಣುತ್ತಿತ್ತು.

"ಬೇಡ," ಎಂದಳು. "ನನ್ನ ಅಳತೆಗೆ ಮಾಡಿಸಿದ್ರೆ ನಾಳೆಯಿಂದ ಮತ್ತೆ ನಾನೊಬ್ಬಳೇ ನಿಲ್ಲಬೇಕು."

ಮೇಸ್ತ್ರಿ ಅಣ್ಣನ ಮುಖ ನೋಡಿದ. ನಾವೆಲ್ಲ ಕಾದೆವು. 'ಹಾಗೇನಿಲ್ಲ ಕಣೆ' ಎಂಬ ಒಂದು ಮಾತು ಅವನ ಬಾಯಿಂದ ಹೊರಡಲಿಲ್ಲ.