ದರ್ಜಿಗೆ ತಲೆನೋವು ಬಂದ ದಿನ

ದರ್ಜಿಯ ಹೊಲಿಗೆ ಎಷ್ಟು ನಾಜೂಕೋ ನೆಪಗಳೂ ಅಷ್ಟೇ ನಾಜೂಕು. ಹೇಳಿದ ದಿನಕ್ಕೆ ಬಟ್ಟೆ ಕೊಟ್ಟ ಚರಿತ್ರೆಯೇ ಆ ಮಹಾಶಯನಿಗಿಲ್ಲ. ಗಿರಾಕಿಯ ನೆರಳು ಬಾಗಿಲಲ್ಲಿ ಕಂಡರೆ ಸಾಕು, ಕೈ ಹಣೆಗೆ ಹೋಗುತ್ತಿತ್ತು. "ಅಯ್ಯೋ, ನಿನ್ನೆಯಿಂದ ಒಂದೇ ಸಮ ತಲೆನೋವು, ಕಣ್ಣು ಬಿಡೋಕಾಗ್ತಿಲ್ಲ." ಪಕ್ಕದಲ್ಲಿ ಗುಂಡಿ ಹಾಕುತ್ತಾ ಕೂತ ಹೆಂಡತಿ ಮುಖ ಸಣ್ಣದು ಮಾಡಿಕೊಂಡು, "ಪಾಪ, ನಿದ್ದೇನೇ ಇಲ್ಲ ಇವರಿಗೆ" ಎಂದು ತಾಳ ಹಾಕುತ್ತಿದ್ದಳು. ಗಿರಾಕಿ ಅತ್ತ ಹೋದ ಮೇಲೆ ಇಬ್ಬರಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು. ಮನೆಯಲ್ಲೂ ಅದೇ ಆಟ. ನೆಂಟರ ಮನೆಗೆ ಹೊರಡಿ ಎಂದರೆ ತಲೆನೋವು, ನೀರು ತುಂಬಿ ಎಂದರೆ ತಲೆನೋವು. ಆಸಾಮಿ ನಿಜವಾಗಿ ಕಾಯಿಲೆ ಬಿದ್ದದ್ದನ್ನು ಅವಳು ಕಂಡೇ ಇರಲಿಲ್ಲ.

ಶಾಲೆಯಲ್ಲಿ ಪಾಠ ಹೇಳುವ ಮಗಳು ಹಟ ಹಿಡಿದು ಇಬ್ಬರನ್ನೂ ಬೆಟ್ಟದ ಮೇಲಿನ ಊರಿಗೆ ರಜೆಗೆ ಕಳಿಸಿದಳು. ಅಪ್ಪ ಬೇಡವೆಂದರೂ ಕೇಳಲಿಲ್ಲ.

ಅಲ್ಲಿ ಲಾಡ್ಜಿನ ಯಜಮಾನಿ ಕೋಣೆ ತೋರಿಸುತ್ತಲೇ ಎಚ್ಚರಿಸಿದ್ದಳು: "ಇಲ್ಲಿ ಗಾಳಿ ತೆಳು. ಎರಡು ದಿನ ಸುಮ್ನೆ ಮಲಗಿ, ಮೈ ಒಗ್ಗಲಿ. ತಲೆನೋವು ಬಂದ್ರೆ ಮಾತ್ರ ಮೇಲೆ ಹತ್ತಬೇಡಿ."

ಮರುದಿನ ಬೆಳಿಗ್ಗೆ ಕಿಟಕಿಯಾಚೆ ಹಿಮ ಹೊಳೆಯುತ್ತಿತ್ತು. ಇನ್ನೂ ಮೇಲಿದ್ದ ಕೆರೆಯನ್ನು ಆಗಲೇ ನೋಡಬೇಕೆಂದು ಹೆಂಡತಿಗೆ ಕಾಲು ನಿಲ್ಲದು. ಅವನು ಕಾಲುಚೀಲ ಕೈಯಲ್ಲಿ ಹಿಡಿದು ಮಂಚದ ಅಂಚಿನಲ್ಲಿ ಕೂತಿದ್ದ.

"ಇವತ್ತು ಬೇಡ ಕಣೇ. ತಲೆ ಒಡೆದುಹೋಗ್ತಿದೆ."

ಅವಳಿಗೆ ನಗು ತಡೆಯಲಾಗಲಿಲ್ಲ. "ಇಲ್ಯಾವ ಗಿರಾಕಿ ಬಂದಿದಾನೆ ಅಂತ? ಏಳ್ರೀ ಸಾಕು!"

ಅವನೂ ನಕ್ಕುಬಿಟ್ಟ. ನಗದೆ ರೇಗಿದ್ದರೆ ಅವಳು ನಂಬುತ್ತಿದ್ದಳೇನೋ. ನಕ್ಕು, ಬೂಟು ಹಾಕಿಕೊಂಡು ಹೊರಟ.

ಕೆರೆಯ ದಡದಲ್ಲಿ ವಾಂತಿ ಮಾಡಿಕೊಂಡ. ತಿಂಡಿ ಒಗ್ಗಲಿಲ್ಲ ಎಂದುಕೊಂಡಳು. ಸಂಜೆ ಲಾಡ್ಜಿಗೆ ಮರಳುವಷ್ಟರಲ್ಲಿ ತುಟಿ ನೀಲಿಯಾಗಿ, ಎದೆಯಲ್ಲಿ ಗೊರಗೊರ ಸದ್ದು. ಯಜಮಾನಿ ಒಮ್ಮೆ ನೋಡಿದವಳೇ ಜೀಪು ಕರೆಸಿದಳು. ಇಳಿಜಾರು ಮುಗಿಯುವ ಮೊದಲೇ ದರ್ಜಿ ಹೆಂಡತಿಯ ತೊಡೆಯ ಮೇಲೆ ಪ್ರಾಣ ಬಿಟ್ಟ.

ಬಂದವರೆಲ್ಲ ಹಣೆಬರಹ ಎಂದರು. ಮಗಳು ಮಾತ್ರ ಒಪ್ಪಲಿಲ್ಲ. "ಬೇಡ ಅಂದ್ರೂ ಕಳಿಸಿದೆ. ಅಪ್ಪನ್ನ ನಾನೇ ಕೊಂದೆ" ಎಂದು ಹಾಸಿಗೆ ಹಿಡಿದಳು. ಶಾಲೆ ಬಿಟ್ಟಳು, ಅನ್ನ ಬಿಟ್ಟಳು. ತಾಯಿ "ಹಾಗನ್ನಬೇಡ" ಎನ್ನುವುದು ಬಿಟ್ಟು ಬೇರೇನೂ ಹೇಳಲಿಲ್ಲ. ಆ ಬೆಳಗಿನ ಮಾತು ಅವಳೊಬ್ಬಳಿಗೇ ಗೊತ್ತು. ಬಾಯಿ ಮುಚ್ಚಿಕೊಂಡಿದ್ದರೆ ಅವಳೊಂದಿಗೇ ಹೋಗುತ್ತಿತ್ತು. ಉಳಿದಿರುವುದು ಮಗಳೊಬ್ಬಳು, ಅವಳಿಗೂ ಬೇಡವಾದರೆ ತನಗಾರು ಎಂಬ ಭಯ. ಅಷ್ಟರಲ್ಲಿ ಮಗಳ ಕೈ ಕಡ್ಡಿಯಾಗಿತ್ತು.

ಒಂದು ಮಧ್ಯಾಹ್ನ ಮಗಳು ಮತ್ತೆ ತಟ್ಟೆ ಸರಿಸಿದಾಗ ತಾಯಿ ಆ ತಟ್ಟೆಯ ಮುಂದೆಯೇ ಕೂತಳು.

"ಅವರು ಹೇಳಿದ್ರು ಕಣೇ, ತಲೆನೋವು ಅಂತ. ಹತ್ತೋಕೆ ಮುಂಚೇನೇ ಹೇಳಿದ್ರು. ನಾನು ನಕ್ಕು ಎಳ್ಕೊಂಡು ಹೋದೆ. ನಿಂದೇನೂ ತಪ್ಪಿಲ್ಲ."

ಮಗಳು ಅವಳನ್ನೇ ನೋಡಿದಳು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಸಂಜೆಯಿಂದ ಮಗಳು ಹೊಟ್ಟೆ ತುಂಬ ಉಣ್ಣತೊಡಗಿದಳು. ಅಮ್ಮನೊಂದಿಗೆ ಮಾತು ಬಿಟ್ಟಳು. ಅಮ್ಮ ಎದುರಿಗೆ ನಿಂತು, ಕೇಳದೆಯೇ ಇನ್ನೊಂದು ಸೌಟು ಅನ್ನ ಬಡಿಸುತ್ತಿದ್ದಳು.