ಬೆಳ್ಳಕ್ಕಿ ಮರ, ಬಿಳಿ ಸೌಟು

ತೆಲುಗು ಸೀಮೆಯ ಕುಷಾಯಿಗೂಡದ ನಮ್ಮ ಕಾಲೊನಿಯಲ್ಲಿ ಕಲಬುರಗಿ ಕಡೆಯ ಕೀಟಶಾಸ್ತ್ರದ ಮೇಡಂ ಒಬ್ಬರಿದ್ದರು. ಕೈಚೀಲದಲ್ಲಿ ಸದಾ ಒಂದು ಬಿಳಿ ಸೌಟು. ನಿಂತ ನೀರು ಕಂಡರೆ ಸಾಕು, ಅದ್ದಿ ತೆಗೆದು, ಅದರಲ್ಲಿನ ಹುಳ ತೋರಿಸಲು "ಇಲ್ಲಿ ನೋಡ್ರಿ, ಇಲ್ಲಿ!" ಎಂದು ದಾರಿಹೋಕರನ್ನೆಲ್ಲ ಕರೆಯುತ್ತಿದ್ದರು.

ಒಮ್ಮೆ ಕಾಲೊನಿ ಮೀಟಿಂಗಿನಲ್ಲಿ ಮೈಮರೆತು ಹೇಳಿಬಿಟ್ಟರು: ನಮ್ಮ ಹುಣಸೆಮರದಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿಯಂಥ ಹಕ್ಕಿಗಳ ಮೈಯಲ್ಲಿ ಮೆದುಳು ಜ್ವರದ ವೈರಸ್ ಬೆಳೆಯಬಲ್ಲದು. ಮರುದಿನವೇ ಸೆಕ್ರೆಟರಿ ಮರ ಕಡಿಯಲು ಗರಗಸದವನನ್ನು ಕರೆಸಿದರು.

ಮೇಡಂ ಬರಿಗಾಲಲ್ಲಿ ಓಡಿ ಬಂದು ಮರಕ್ಕೆ ಬೆನ್ನು ಕೊಟ್ಟು ನಿಂತರು. ಉದ್ವೇಗದಲ್ಲಿ ಅವರಿಗೆ ತೆಲುಗು ಮರೆತುಹೋಗುತ್ತಿತ್ತು. "ಹಕ್ಕಿಯಿಂದ ನೇರ ಬರಂಗಿಲ್ರಿ! ಅದನ್ನ ಕಚ್ಚಿದ ಸೊಳ್ಳಿ ನಿಮ್ಮನ್ನ ಕಚ್ಚಬೇಕು. ಆ ಸೊಳ್ಳಿ ಎಲ್ಲಿ ಹುಟ್ಟತೈತಿ, ತೋರಸ್ತೀನಿ ಬರ್ರಿ!"

ಅದನ್ನು ತೆಲುಗಿನಲ್ಲಿ ಕೂಗಿ ಹೇಳುತ್ತಲೇ ನಾನೂ ಜನರ ಜೊತೆ ಅವರ ಹಿಂದೆ ಓಡಿದೆ. ಸೆಕ್ರೆಟರಿಯ ಮನೆ ಹಿಂದೆ ಹೂಳು ತುಂಬಿ ಕಟ್ಟಿಕೊಂಡಿದ್ದ ಚರಂಡಿಗೆ ಸೌಟು ಇಳಿಯಿತು. ಮೇಲೆ ಬಂದ ನೀರಿನಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿದ್ದವು.

"ಇಲ್ಲಿ ನೋಡ್ರಿ, ಇಲ್ಲಿ! ಎಷ್ಟ್ ಛಂದ ಅದಾವು!" ಸಿಟ್ಟೆಲ್ಲ ಮರೆತು ಮೇಡಂ ಹಿಗ್ಗಿದರು.

ಗರಗಸದವನು ಸೌಟಿನೊಳಗೆ ಇಣುಕಿದ. ಗರಗಸವನ್ನು ಗೋಡೆಗೆ ಒರಗಿಸಿ, ಸೆಕ್ರೆಟರಿಯನ್ನು ತೆಲುಗಿನಲ್ಲಿ ಕೇಳಿದ: "ಮನೆಯಲ್ಲಿ ಸಲಿಕೆ ಇದೆಯಾ ಸಾರ್?"